ಮದುವೆಯಾಗುವ ಹುಡುಗ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದಾನೆ. ‘ಪಲ್ಟನ್ ಅಂದ್ರೆ ಒಂದು ಕುಟುಂಬ’ ಅಂತಾನೆ. ವರ್ಷವಿಡೀ ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ನನ್ನ ಯಜಮಾನರು ಇದೇ ರೆಜಿಮೆಂಟಿನಿಂದ ಸುಬೇದಾರ್ ಆಗಿ ನಿವೃತ್ತರಾದವರು. ನಾವೂ ಬೆಳಗಾವಿ ಕಡೆಯವರೇ. ಹೆಂಡತಿಯಾಗಿ ನಾನು ಕಂಡದ್ದನ್ನು ಹೇಳುತ್ತೇನೆ.

ಹುಡುಗ ಸುಮ್ನೆ ಹೇಳಿಲ್ಲ. ಪಲ್ಟನ್ ಅಂದರೆ ರೆಜಿಮೆಂಟಿನೊಳಗಿನ ಒಂದು ಬೆಟಾಲಿಯನ್, ಅವನು ಇರುವ ದಳ. ಆದರೆ ಆ ಕುಟುಂಬ ಬ್ಯಾಂಡು, ಬಡಾ ಖಾನಾಗಳಲ್ಲಿ (ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ದೊಡ್ಡೂಟ) ಕಾಣುವುದಕ್ಕಿಂತ ಜಾಸ್ತಿ ಕಾಗದಪತ್ರಗಳಲ್ಲಿ ಕಾಣುತ್ತದೆ. ವಿಚಿತ್ರ ಅನ್ನಿಸಬಹುದು, ಮುಂದೆ ಓದಿ.

ನಮ್ಮ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಮಕ್ಕಳ ಶಾಲೆ, ಪೋಸ್ಟಿಂಗ್, ಕ್ವಾರ್ಟರ್ಸ್ ಎಲ್ಲ ಆಗಲೇ ಅದಲು ಬದಲಾಗುತ್ತವೆ. ಪಲ್ಟನ್ ಪೀಸ್ ಸ್ಟೇಷನ್‌ನಲ್ಲಿದ್ದರೆ (ಗಡಿಯಿಂದ ದೂರದ ಶಾಂತ ನೆಲೆ) ನೀವು ಜೊತೆಗಿರಬಹುದು, ಅದೂ ಕ್ವಾರ್ಟರ್ಸ್ ಸರದಿ ಬಂದಾಗ. ಫೀಲ್ಡ್‌ಗೆ, ಅಂದರೆ ಗಡಿ ಕಡೆಗೆ ಹೋದರೆ ಹೆಂಗಸರು ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ಕೆಲವರು ಅತ್ತೆಮನೆಗೆ ಬರುತ್ತಾರೆ. ಕೆಲವರು ಮಕ್ಕಳ ಓದಿಗೆಂದು ಬೇರೆ ಯಾವುದೋ ಕಂಟೋನ್ಮೆಂಟಿನಲ್ಲಿ ಎಸ್‌ಎಫ್ ಕ್ವಾರ್ಟರ್ಸ್ (ಗಂಡ ದೂರವಿರುವ ಕುಟುಂಬಗಳಿಗೆಂದೇ ಇರುವ ಮನೆ) ಹಿಡಿಯುತ್ತಾರೆ. ಅಲ್ಲಿ ಪಕ್ಕದ ಮನೆಯಾಕೆ ಸಿಖ್ ರೆಜಿಮೆಂಟಿನವಳು, ಎದುರಿನಾಕೆ ಗಢವಾಲಿ. ನಿಮ್ಮ ಪಲ್ಟನ್ನಿನ ವೈನಿಗಳು (ಮರಾಠಿಯಲ್ಲಿ ಅತ್ತಿಗೆಯರು) ಊರೂರಿಗೆ ಚದುರಿಹೋಗಿ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಸಿಗುತ್ತಾರೆ.

ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. (ಹುಡುಗ ಅಗ್ನಿವೀರನಾದರೆ ಒಟ್ಟು 30 ದಿನ ಅಷ್ಟೇ. ಮೊದಲೇ ಕೇಳಿಕೊಳ್ಳಿ.) ನಾದಿನಿಯ ಮದುವೆ, ಹೊಲದ ತಕರಾರು, ಮನೆಯ ಮಾಳಿಗೆ ರಿಪೇರಿ, ಮಗುವಿನ ಜವಳ, ಊರ ಜಾತ್ರೆ ಎಲ್ಲವೂ ಇಷ್ಟರಲ್ಲೇ ಮುಗಿಯಬೇಕು. ದೀಪಾವಳಿಗೆ ಇಡೀ ಪಲ್ಟನ್ನಿಗೆ ರಜೆ ಕೊಡಲು ಆಗುವುದಿಲ್ಲ, ಅಲ್ವಾ? ಹೊಸದಾಗಿ ಮದುವೆಯಾದ ಹುಡುಗರಿಗೆ ಹಳಬರು ತಮ್ಮ ಸರದಿ ಬಿಟ್ಟುಕೊಡುವುದನ್ನು ನೋಡಿದ್ದೇನೆ. ಕುಟುಂಬ ಅನ್ನುವ ಮಾತಿಗೆ ಅದೇ ನನಗೆ ಮೊದಲು ಸಿಕ್ಕ ಸಾಕ್ಷಿ.

ಜುಲೈ 26ಕ್ಕೆ ಕಾರ್ಗಿಲ್ ದಿನ. ಆಮೇಲೆ ಗಣಪತಿ. ಮರಾಠಾ ಪಲ್ಟನ್ನಿನ ಗಣಪತಿ ಹಬ್ಬ ನೀವು ನೋಡಲೇಬೇಕು. ಲೇಜಿಮ್, ಢೋಲು, ಸಾಬ್‌ಗಳೂ (ಅಧಿಕಾರಿಗಳೂ) ಕುಣಿಯುತ್ತಾರೆ.

ನವೆಂಬರ್ ಬಂತೆಂದರೆ ಪಿಂಚಣಿದಾರರ ತಿಂಗಳು. ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಈಗ ಎಲ್ಲ ಸ್ಪರ್ಶ್ ಅನ್ನುವ ಪಿಂಚಣಿ ಪೋರ್ಟಲ್‌ನಲ್ಲಿ, ಆನ್‌ಲೈನ್. ಹೊಲದಲ್ಲಿ ದುಡಿದು ಬೆರಳಚ್ಚು ಸವೆದ ಅಜ್ಜಿಯಂದಿರಿಗೆ ಮಷಿನ್ ‘ಆಗಲ್ಲ’ ಅನ್ನುತ್ತದೆ. ಆಗ ಊರಿನ ಯಾರೋ ಮಾಜಿ ಹವಾಲ್ದಾರ್ ತನ್ನ ಮೊಬೈಲಿನಲ್ಲಿ ಅವರ ಮುಖ ತೋರಿಸಿ ಕೆಲಸ ಮುಗಿಸಿಕೊಡುತ್ತಾರೆ. ಬೆಳಗಾವಿಯ ರೆಕಾರ್ಡ್ ಆಫೀಸಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಬರುವವರೂ ಇದ್ದಾರೆ. ಎಷ್ಟೋ ಸಲ ತೊಂದರೆ ಒಂದೇ: ಗಂಡನ ದಾಖಲೆಯಲ್ಲಿ ಹೆಂಡತಿಯ ಹೆಸರು ಒಂದು ತರಹ, ಆಧಾರ್‌ನಲ್ಲಿ ಇನ್ನೊಂದು ತರಹ. ಗಂಡ ಇಲ್ಲವಾದ ಮೇಲೆ ಅದನ್ನು ಸರಿಮಾಡಿಸುವ ಕಷ್ಟ ಶತ್ರುವಿಗೂ ಬೇಡ. ಆ ಅಜ್ಜಿಯ ಜೊತೆ ಕಚೇರಿಯಿಂದ ಕಚೇರಿಗೆ ಅಲೆಯುವವರು ಸಂಬಂಧಿಕರೇ ಆಗಿರಬೇಕಿಲ್ಲ. ಪಲ್ಟನ್ನಿನಲ್ಲಿ ಗಂಡನ ಕಂಪನಿಯಲ್ಲಿ, ಅಂದರೆ ಅವನ ತುಕಡಿಯಲ್ಲಿದ್ದವರು ಬರುತ್ತಾರೆ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಜನವರಿ 14 ಮಾಜಿ ಸೈನಿಕರ ದಿನ, 15 ಸೇನಾ ದಿನ. ಜನವರಿಯ ಈ ಎರಡೂ ನಮ್ಮ ಕೊಡಗಿನ ಕಾರ್ಯಪ್ಪನವರಿಂದ ಬಂದವು: 1953ರಲ್ಲಿ ಅವರು ನಿವೃತ್ತರಾದ ದಿನ ಒಂದು, 1949ರಲ್ಲಿ ಸೇನೆಯ ಚುಕ್ಕಾಣಿ ಹಿಡಿದ ದಿನ ಇನ್ನೊಂದು. 2023ರಲ್ಲಿ ಸೇನಾ ದಿನದ ಪರೇಡ್ ದೆಹಲಿ ಬಿಟ್ಟು ಬೆಂಗಳೂರಿಗೇ ಬಂದಿತ್ತು.

ಫೆಬ್ರುವರಿ 4 ರೆಜಿಮೆಂಟಿನ ದಿನ. 1670ರಲ್ಲಿ ತಾನಾಜಿ ಸಿಂಹಗಡ ಗೆದ್ದ ನೆನಪು. ಇದಲ್ಲದೆ ಪ್ರತಿ ಪಲ್ಟನ್ನಿಗೂ ತನ್ನದೇ ರೈಸಿಂಗ್ ಡೇ (ಅದು ಹುಟ್ಟಿದ ದಿನ) ಇರುತ್ತದೆ. ಜಂಗಿ ಪಲ್ಟನ್, ಅಂದರೆ ರೆಜಿಮೆಂಟಿನ ಒಂದನೇ ಬೆಟಾಲಿಯನ್, ಹುಟ್ಟಿದ್ದು 1768ರಲ್ಲಿ, ಅಷ್ಟು ಹಳೆಯ ಲೆಕ್ಕ ಅದು. ನಿವೃತ್ತರು ಸ್ವಂತ ಖರ್ಚಿನಲ್ಲಿ ರೈಲು ಹತ್ತಿ ಬರುತ್ತಾರೆ. ಸ್ಮಾರಕಕ್ಕೆ ಹೂಮಾಲೆ, ಮಂದಿರದಲ್ಲಿ ಪೂಜೆ, ವೀರ ನಾರಿಯರಿಗೆ (ಹುತಾತ್ಮ ಯೋಧರ ಹೆಂಡತಿಯರಿಗೆ) ಸನ್ಮಾನ, ರಾತ್ರಿ ಬಡಾ ಖಾನಾ. ಇನ್ನು ಬೆಳಗಾವಿಯ ತರಬೇತಿ ಸೆಂಟರಿನಲ್ಲಿ ಹೊಸ ಹುಡುಗರ ಕಸಮ್ (ಪ್ರಮಾಣವಚನ) ಪರೇಡ್ ಇದ್ದಾಗ ಹಳ್ಳಿಯ ಅಪ್ಪ ಅವ್ವಂದಿರ ಎದೆಗೆ ಗೌರವ ಪದಕ ಹಾಕುತ್ತಾರೆ. ನನಗೆ ರೈಸಿಂಗ್ ಡೇಗಿಂತ ಅದೇ ಇಷ್ಟ.

ಎಲ್ಲವೂ ಚೆನ್ನಾಗಿದೆ ಅಂತ ಹೇಳುವುದಿಲ್ಲ. ವೆಲ್ಫೇರ್ ಮೀಟಿಂಗಿನಲ್ಲಿ ಗಂಡಂದಿರ ರ್‍ಯಾಂಕು ಹೆಂಡತಿಯರ ಕುರ್ಚಿಗೂ ಬಂದು ಕೂರುತ್ತದೆ. ಸಿಒ ಮೇಮ್‌ಸಾಬ್ (ಪಲ್ಟನ್ನಿನ ಮುಖ್ಯಾಧಿಕಾರಿಯ ಹೆಂಡತಿ) ಒಳ್ಳೆಯವರಾದರೆ ಅಲ್ಲಿ ಹೊಲಿಗೆ, ಕಂಪ್ಯೂಟರ್ ಕಲಿಯಬಹುದು, ಮನಸ್ಸಿನ ಮಾತೂ ಆಡಬಹುದು. ಇಲ್ಲವಾದರೆ ಚಹಾ, ಸಮೋಸಾ, ಚಪ್ಪಾಳೆ. ಅಲ್ಲಿ ಹಿಂದಿ ನಡೆಯುತ್ತದೆ, ಮನೆಗಳ ನಡುವೆ ಮರಾಠಿ. ಎರಡೂ ಬೇಗ ಬರುತ್ತವೆ, ಹೆದರಬೇಡಿ.

ಮದುವೆಯಾದ ಕೂಡಲೇ ನೋಂದಣಿ ಮಾಡಿಸಿ. ಪ್ರಮಾಣಪತ್ರವನ್ನು ಹುಡುಗನ ಕೈಗೆ ಕೊಟ್ಟು ಯೂನಿಟ್‌ನಿಂದ ಪಾರ್ಟ್ ಟೂ ಆರ್ಡರ್ (ಸೈನಿಕನ ದಾಖಲೆಗೆ ಮಾಹಿತಿ ಸೇರಿಸುವ ಆದೇಶ) ಹೊರಡಿಸಲು ಹೇಳಿ. ನೀವು ಅವನ ಹೆಂಡತಿ ಅಂತ ರೆಜಿಮೆಂಟಿಗೆ ಗೊತ್ತಾಗುವುದು ಅದರಿಂದಲೇ. ಆಸ್ಪತ್ರೆ, ಕ್ಯಾಂಟೀನ್, ಮುಂದೆ ಪಿಂಚಣಿ ಎಲ್ಲಕ್ಕೂ ಅದೇ ಬುಡ. ಹೊರಟ ಮೇಲೆ ಒಂದು ಪ್ರತಿ ತರಿಸಿಕೊಂಡು ನಿಮ್ಮ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿರುವಂತೆಯೇ ಇದೆಯಾ ಅಂತ ನೀವೇ ಓದಿ ನೋಡಿ.