ಮಿಸ್ ಮುಖ ಎಲ್ಲಿ ಹೋಯ್ತು?

(ಮಗುವಿನ ತಾಯಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅಕ್ಟೋಬರ್ ಮಧ್ಯದಲ್ಲಿ ಒಂದು ಸಂಜೆ, ತುಮಕೂರಿನ ತಾಯಿಯೊಬ್ಬರು ಸಲಹೆ ಕೇಳಲು ನನ್ನ ಬಳಿ ಬಂದು ಪ್ಲೇಸ್ಕೂಲಿನ ವಾಟ್ಸಾಪ್ ಮೆಸೇಜ್ ತೋರಿಸಿದರು. 31ಕ್ಕೆ ಹ್ಯಾಲೋವೀನ್, ಮಕ್ಕಳಿಗೆ ದೆವ್ವದ ವೇಷ ಹಾಕಿ ಕಳಿಸಿ ಎಂದಿತ್ತು. "ಕಳಿಸ್ಲೋ ಬೇಡ್ವೋ ಹೇಳಿ ಮೇಡಂ," ಎನ್ನುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು.

ಮಗನಿಗೆ ನಾಲ್ಕೂವರೆ ವರ್ಷ. ಪುಟ್ಟ ಅನ್ನೋಣ. ಆಟಿಸಂ (ಮಾತು, ಒಡನಾಟ, ಸದ್ದು-ಸ್ಪರ್ಶದ ಅನುಭವ ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ) ಇರುವುದು ಮೂರನೇ ವರ್ಷದಲ್ಲಿ ಗೊತ್ತಾಗಿತ್ತು. ಹತ್ತು ಹದಿನೈದು ಪದ ಆಡುತ್ತಾನೆ. ಹಿಂದಿನ ವರ್ಷ ಇದೇ ದಿನ ಶಾಲೆಯಲ್ಲಿ ಕಿಟಕಿ ಮುಚ್ಚಿ, ಸ್ಪೀಕರಿನಲ್ಲಿ ಕಿರುಚಾಟ ಹಾಕಿದ್ದರು. ಟೀಚರ್ ಮುಖವಾಡ ಹಾಕಿದ್ದರು. ಪುಟ್ಟ ತನ್ನ ಕೈಯನ್ನೇ ಕಚ್ಚಿಕೊಂಡ, ಚಡ್ಡಿ ಒದ್ದೆ ಮಾಡಿಕೊಂಡ. ಮೂರು ವಾರ ಶಾಲೆಯ ಗೇಟು ದಾಟಲಿಲ್ಲ. ಈಗಲೂ ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಗೊಂಬೆ ಕಂಡರೆ, ಸ್ಕೂಟಿಯಲ್ಲಿ ಅಮ್ಮನ ಬೆನ್ನಿಗೆ ಮುಖ ಒತ್ತಿಕೊಳ್ಳುತ್ತಾನೆ.

ಅಪ್ಪನಿಗೆ, ಎಲ್ಲ ಮಕ್ಕಳ ಜೊತೆ ಇವನೂ ಇರಲಿ ಎಂಬ ಆಸೆ. ಅಜ್ಜಿಯ ಮಾತೇ ಬೇರೆ: "ನಮ್ದಲ್ಲದ ಹಬ್ಬ, ಮಗೀಗೆ ಯಾಕೆ ಹಿಂಸೆ?" ಇಬ್ಬರದೂ ಪ್ರೀತಿಯೇ.

ಹೋಗಬೇಕೋ ಬೇಡವೋ ಎನ್ನುವುದನ್ನು ಪಕ್ಕಕ್ಕಿಟ್ಟು, ಅವತ್ತು ಅವನನ್ನು ಹೆದರಿಸಿದ್ದು ನಿಖರವಾಗಿ ಯಾವುದು ಅಂತ ಕೇಳಿದೆ. ತಾಯಿಯ ಫೋನಿನಲ್ಲಿ ಅವತ್ತಿನ ವಿಡಿಯೋ ಇತ್ತು. ಮೂರು ಸಲ ನೋಡಿದೆವು. ಕತ್ತಲಾದಾಗ ಪುಟ್ಟ ಸುಮ್ನೆ ಕೂತಿದ್ದ. ಸದ್ದು ಬಂದಾಗ ಕಿವಿ ಮುಚ್ಚಿಕೊಂಡ, ಆದರೂ ಕೂತಿದ್ದ. ಮಿಸ್ ಮುಖವಾಡ ಹಾಕಿದ ಗಳಿಗೆಯಲ್ಲಿ ಕುಸಿದುಬಿದ್ದ. ಅವನು ಮಿಸ್ಸನ್ನು ಗುರುತಿಸುವುದು ಕನ್ನಡಕ ಮತ್ತು ದೊಡ್ಡ ಬಿಂದಿಯಿಂದ. ಅವೆರಡೂ ಒಮ್ಮೆಲೇ ಮಾಯವಾದವು. ಆ ಗಲಾಟೆಯಲ್ಲಿ ಅವನಿಗಿದ್ದ ಒಂದೇ ಆಸರೆ ಆ ಮುಖ, ಅಲ್ವಾ?

ಆದ್ದರಿಂದ ಮೊದಲ ಸಲಹೆ ಮಿಸ್‌ಗೇ. ಮುಖವಾಡ ಬೇಡ, ಟೋಪಿ ಸಾಕು. ಅದನ್ನೂ ಅವನ ಕಣ್ಣೆದುರೇ ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸಬೇಕು. ಕೇಳಲು ತಾಯಿಗೆ ಸಂಕೋಚ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ, ಧೈರ್ಯವಾಗಿ ಕೇಳಿ ಎಂದೆ. ಕೇಳಿದರು. ಮಿಸ್ ತಕ್ಷಣ ಒಪ್ಪಿದರು.

ವೇಷಕ್ಕೆ ದೆವ್ವವೇ ಆಗಬೇಕೆಂದಿಲ್ಲ. ಪುಟ್ಟನಿಗೆ ಕೆಂಪು ಬಸ್ಸೆಂದರೆ ಪ್ರಾಣ. ಅವನ ಹಳೆಯ, ಮೆತ್ತಗಿನ ಕೆಂಪು ಟೀ ಶರ್ಟಿನ ಮೇಲೆ ಅಪ್ಪ "ತುಮಕೂರು – ಬೆಂಗಳೂರು" ಎಂದು ಬೋರ್ಡು ಬರೆದರು. ಒರಟು ಹೊಲಿಗೆ, ಕುತ್ತಿಗೆಯ ಲೇಬಲ್, ಮುಖದ ಬಣ್ಣ, ರಬ್ಬರ್ ಬ್ಯಾಂಡು ಇಂಥ ಮಕ್ಕಳಲ್ಲಿ ಅನೇಕರಿಗೆ ಸಹಿಸಲಾಗದ ಹಿಂಸೆ. ಮನೆಯಲ್ಲಿ ದಿನಕ್ಕೆ ಐದು ನಿಮಿಷ ಹಾಕಿಸಿ, ಕಿತ್ತೆಸೆದರೆ ಎಸೆಯಲಿ, ಬೈಯಬೇಡಿ ಎಂದೆ.

ಆಮೇಲೆ ಫೋಟೊ ಪುಸ್ತಕ. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ 'ಸೋಶಿಯಲ್ ಸ್ಟೋರಿ' ಎಂಬ ವಿಧಾನ ರೂಪಿಸಿದರು. ಮುಂದೆ ಏನಾಗುತ್ತದೆ ಎಂದು ಮಗುವಿಗೆ ಮೊದಲೇ ಪುಟ್ಟ ಕಥೆಯಾಗಿ ಹೇಳುವುದು. ನಾವು ಐದು ಫೋಟೊ ಹಾಕಿದೆವು: ಶಾಲೆಯ ಗೇಟು, ಮಿಸ್, ಟೋಪಿ ಹಾಕಿದ ಅದೇ ಮಿಸ್, ಬಿಸ್ಕತ್ತು, ಮನೆಗೆ ಹೊರಟ ಸ್ಕೂಟಿ. ಕೊನೆಯ ಫೋಟೊ ತುಂಬಾ ಮುಖ್ಯ. ಇದು ಮುಗಿಯುತ್ತದೆ ಎಂದು ಅವನಿಗೆ ಗೊತ್ತಿರಬೇಕು.

ಹ್ಯಾಲೋವೀನಿಗೆ ಮಕ್ಕಳು ಮಿಠಾಯಿ ಕೇಳಬೇಕು. ಪುಟ್ಟನಿಗೆ ಮಾತು ಕಡಿಮೆ, ಆದ್ದರಿಂದ ಚಿತ್ರದ ಚೀಟಿ ಕೊಟ್ಟೆವು. ಅಮೆರಿಕದಲ್ಲಿ ಕೆಲವು ತಂದೆತಾಯಿ ಆಟಿಸಂ ಇದೆಯೆಂದು ಸೂಚಿಸಲು ಮಿಠಾಯಿ ಹಾಕಿಸಿಕೊಳ್ಳುವ ಬಕೆಟ್ಟನ್ನೇ ನೀಲಿ ಬಣ್ಣದ್ದು ಕೊಟ್ಟು ಕಳಿಸುತ್ತಾರೆ. ನನಗದು ಅಷ್ಟು ಹಿಡಿಸಲಿಲ್ಲ. ಮಗುವಿನ ಕೈಗೆ ಗುರುತು ಕೊಡುವ ಬದಲು ದೊಡ್ಡವರ ಜೊತೆ ನೇರ ಮಾತಾಡುವುದೇ ಮೇಲು.

ಅಜ್ಜಿಯ ಜೊತೆ ಜಾಸ್ತಿ ಹೊತ್ತು ಕೂತೆ. ಮೊಮ್ಮಗನಿಗೆ ದೃಷ್ಟಿಯಾಗಿದೆಯೆಂದು ಅವರು ಪ್ರತಿ ವಾರ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಆ ಘಾಟಿಗೆ ಪುಟ್ಟ ಗಂಟೆಗಟ್ಟಲೆ ಅಳುತ್ತಿದ್ದ. ದೃಷ್ಟಿ ತೆಗೆಯಬೇಡಿ ಎನ್ನಲಿಲ್ಲ, ಉಪ್ಪು ನಿವಾಳಿಸಿ ನೀರಿಗೆ ಹಾಕಿ ಎಂದೆ. ಹ್ಯಾಲೋವೀನಿಗೆ ಕುಂಬಳಕಾಯಿ ಕೊರೆದು ದೀಪ ಇಡುವ ರೂಢಿಯಿದೆ; ಅವರೇ ಸಿಹಿಗುಂಬಳ ತಂದು ಪುಟ್ಟನೆದುರು ಕೊಯ್ದರು. ಒಳಗಿನ ಲೋಳೆ ಮುಟ್ಟಲು ಅವನು ಒಪ್ಪಲಿಲ್ಲ. ಚಮಚ ಕೊಟ್ಟಾಗ ಬೀಜವನ್ನೆಲ್ಲ ಕೆರೆದು ಸಾಲಾಗಿ ಜೋಡಿಸಿದ.

ಈ ಸಲದ 31ರಂದು ಅಪ್ಪ ಗೇಟಿನ ಹೊರಗೇ ಕಾದಿದ್ದರು. ಒಪ್ಪಂದ ಇಪ್ಪತ್ತು ನಿಮಿಷ. ಹನ್ನೆರಡನೇ ನಿಮಿಷಕ್ಕೆ ಬಲೂನು ಒಡೆಯಿತು, ಪುಟ್ಟ ಅತ್ತ. ಮಿಸ್ ಟೋಪಿ ತೆಗೆದು ಕೂತರು. ಅವನು ಅವರ ಬಿಂದಿ ಮುಟ್ಟಿ ನೋಡಿ ಸ್ಕೂಟಿಯ ಫೋಟೊ ತೋರಿಸಿದ. ಕೂಡಲೇ ಮನೆಗೆ ಕಳಿಸಿದರು. ಬೇಗ ಬಂದುಬಿಟ್ಟ ಎಂದು ಅಪ್ಪನಿಗೆ ಬೇಸರ. ಹೋಗ್ತೀನಿ ಅಂತ ತಾನಾಗೇ ಹೇಳಿದ್ದಾನಲ್ಲ ಸಾರ್, ಅವತ್ತಿನ ದೊಡ್ಡ ಕೆಲಸ ಅದೇ ಎಂದೆ.

ಮರುದಿನ ರಾಜ್ಯೋತ್ಸವ. ಅಳದೆ ಗೇಟು ದಾಟಿದ. ಈಗ ಅಜ್ಜಿ ದೀಪಾವಳಿಗೆ ಫೋಟೊ ಪುಸ್ತಕ ಮಾಡಿಸಿದ್ದಾರೆ. ಮೊದಲ ಪುಟದಲ್ಲಿ ಎಣ್ಣೆ ಬಟ್ಟಲು ಹಿಡಿದ ಅವರದೇ ಮುಖ.