ಫೈನಲ್ ಇಯರ್ ಪ್ರಾಜೆಕ್ಟಿಗೆ ಜೆಪ್ಪೆಲಿನ್ (ಗಾಳಿಗಿಂತ ಹಗುರ ಅನಿಲ ತುಂಬಿದ, ಚೌಕಟ್ಟಿನ ಏರ್‌ಶಿಪ್) ಮಾದರಿ ಹಾರಿಸಬಹುದೇ? ಹೀಲಿಯಂ ತುಂಬಿದ್ದರೆ ಅವು ಇವತ್ತಿಗೂ ಹಾರುತ್ತಿದ್ದವಲ್ಲವೇ?

ಬೇಡ ಮಾರಾಯ್ರೆ. ನಾವು ಮಾಡಿ ಕೈ ಸುಟ್ಟುಕೊಂಡಿದ್ದೀವಿ.

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುವಾಗ ಜರ್ಮನಿಯ ಹಿಂಡೆನ್‌ಬರ್ಗ್ ಅನ್ನೋ ಜೆಪ್ಪೆಲಿನ್‌ನ ನೂರನೇ ಒಂದು ಅಳತೆಯ ಮಾದರಿಗೆ ಕೈ ಹಾಕಿದ್ವಿ. ಒಳಗೆ ಬಿದಿರಿನ ಚೌಕಟ್ಟು, ಹೀಲಿಯಂ ಚೀಲ, ಎರಡು ಪುಟ್ಟ ಮೋಟರ್. ಗೈಡ್ ಸರ್ "ಹೊಸಾ ಥರ ಇದೆ, ಮಾಡ್ರಿ" ಅಂತ ಸೈನ್ ಹಾಕಿಬಿಟ್ರು.

ಅಸಲಿ ಹಿಂಡೆನ್‌ಬರ್ಗ್ 245 ಮೀಟರ್ ಉದ್ದ, ಅದರಲ್ಲಿ 2 ಲಕ್ಷ ಘನ ಮೀಟರ್ ಅನಿಲ. ಉದ್ದ ನೂರನೇ ಒಂದಾದರೆ ಒಳಗಿನ ಜಾಗ ಹತ್ತು ಲಕ್ಷದಲ್ಲಿ ಒಂದು ಪಾಲಾಗುತ್ತೆ, ಅಂದರೆ 0.2 ಘನ ಮೀಟರ್. ಒಂದು ಘನ ಮೀಟರ್ ಹೀಲಿಯಂ ಹೆಚ್ಚುಕಡಿಮೆ 1 ಕೆಜಿ ಎತ್ತುತ್ತೆ, ನಮ್ಮದು 200 ಗ್ರಾಂ. ಇಷ್ಟು ಲೆಕ್ಕ ಸಿನಾಪ್ಸಿಸ್‌ನಲ್ಲೇ ಇತ್ತು, ಸರಿಯಾಗೇ ಇತ್ತು. ಎಡವಿದ್ದು ಮುಂದಿನ ಸಾಲಲ್ಲಿ. ಅಸಲಿಯಲ್ಲಿ ಎತ್ತುವ ಶಕ್ತಿಯ ಸುಮಾರು ಅರ್ಧ ಅದರ ಸ್ವಂತ ತೂಕಕ್ಕೇ ಹೋಗುತ್ತಿತ್ತು, ಹಾಗಾಗಿ ನಮ್ಮದರಲ್ಲೂ ಅರ್ಧ, 100 ಗ್ರಾಂ, ಅಂತ ಬರೆದುಕೊಂಡ್ವಿ. ಆ ಅರ್ಧ ಅರ್ಧವಾಗೇ ಉಳಿಯಬೇಕಾದರೆ ಹೊದಿಕೆ ನೂರು ಪಟ್ಟು ತೆಳುವಾಗಬೇಕು, ಚೌಕಟ್ಟಿನ ಕಡ್ಡಿಗಳು ಉದ್ದ, ಅಗಲ, ದಪ್ಪ ಮೂರರಲ್ಲೂ ನೂರನೇ ಒಂದಾಗಬೇಕು. ಅಂಥ ಬಟ್ಟೆ ಯಾವ ಅಂಗಡೀಲಿ ಸಿಗುತ್ತೆ? ಬಿದಿರನ್ನು ಬ್ಲೇಡಲ್ಲಿ ಹೆರೆದ್ವಿ, ಮುಟ್ಟಿದರೆ ಮುರಿಯೋ ತನಕ ಹೆರೆದ್ವಿ. ಗಾಳಿಪಟದ ಕಾಗದ ಹೊದಿಸಿದ್ವಿ. ಪ್ರತಿ ಗಂಟಿಗೂ ಒಂದು ಹನಿ ಅಂಟು. ಆ ಹನಿಗಳನ್ನು ಯಾರೂ ತೂಗಿರಲಿಲ್ಲ. ಕಡೆಗೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಅರ್ಧ ಕೆಜಿ ದಾಟಿತ್ತು. ಅಷ್ಟೊತ್ತಿಗೆ ಹೀಲಿಯಂ ಸಿಲಿಂಡರ್‌ಗೆ ದುಡ್ಡು ಕೊಟ್ಟಾಗಿತ್ತು. ವೈವಾ ದಿನ ಫ್ಯಾನಿನ ಕೊಕ್ಕೆಗೆ ದಾರ ಕಟ್ಟಿ ಇಳಿಬಿಟ್ವಿ. ಎಕ್ಸ್‌ಟರ್ನಲ್ ಕತ್ತೆತ್ತಿ ನೋಡಿ, "ಇದು ಹಾರ್ತಾ ಇದೆಯೋ, ನೇತಾಡ್ತಾ ಇದೆಯೋ?" ಅಂದ್ರು.

ಇವಕ್ಕೆ ಹೆಸರು ಕೊಟ್ಟ ಜರ್ಮನಿಯ ಕೌಂಟ್ ಜೆಪ್ಪೆಲಿನ್ 1900ರ ಜುಲೈ 2ರಂದು ಬೋಡೆನ್‌ಸೇ ಸರೋವರದ ಮೇಲೆ ಹಾರಿಸಿದ ಮೊದಲನೆಯದೇ 128 ಮೀಟರ್ ಇತ್ತು. ಅದೇನೂ ಶೋಕಿ ಅಲ್ಲ. ಚೌಕಟ್ಟಿನ ಏರ್‌ಶಿಪ್ ದೊಡ್ಡದಾದರಷ್ಟೇ ಲಾಭ. 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊರಬಂದ ಪಾತ್‌ಫೈಂಡರ್ 1 ನೋಡಿ: ಕಾರ್ಬನ್ ಫೈಬರ್ ಕೊಳವೆ, ಟೈಟಾನಿಯಂ ಜೋಡಣೆ, ಗೂಗಲ್ ಕಟ್ಟಿದವರಲ್ಲೊಬ್ಬರಾದ ಸೆರ್ಗೇ ಬ್ರಿನ್ ದುಡ್ಡು, ಎಲ್ಲ ಇದ್ದೂ 124 ಮೀಟರ್.

ಇನ್ನು ಹೀಲಿಯಂ ವಿಷಯ. ಎಲ್ಲರೂ 1937ರಲ್ಲಿ ಹೈಡ್ರೋಜನ್ ತುಂಬಿದ ಹಿಂಡೆನ್‌ಬರ್ಗ್ ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಹೊತ್ತಿ ಉರಿದ ಫಿಲ್ಮ್ ನೋಡಿ ಹೀಗೇ ಕೇಳ್ತಾರೆ. ಆ ಬೆಂಕಿಯಲ್ಲೂ ಒಳಗಿದ್ದ 97 ಜನರಲ್ಲಿ 62 ಮಂದಿ ಬದುಕಿದರು. ಅದಕ್ಕೂ ನಾಲ್ಕು ವರ್ಷ ಮುಂಚೆ, 1933ರ ಏಪ್ರಿಲ್‌ನಲ್ಲಿ, ಅಮೆರಿಕ ನೌಕಾಪಡೆಯ ಏಕ್ರಾನ್ ಬಿರುಗಾಳಿಗೆ ಸಿಕ್ಕು ಸಮುದ್ರಕ್ಕೆ ಬಿತ್ತು. ತುಂಬಿದ್ದು ಹೀಲಿಯಂ. 76 ಜನರಲ್ಲಿ 73 ಮಂದಿ ಸತ್ತರು, ಲೈಫ್ ಜಾಕೆಟ್ ಇರಲಿಲ್ಲ. ಬೆಂಕಿ ಇಲ್ಲ, ಫಿಲ್ಮ್ ಇಲ್ಲ, ಹಾಗಾಗಿ ಯಾರಿಗೂ ನೆನಪಿಲ್ಲ.

ಬ್ರಿಟಿಷರ ಆರ್101 ಏರ್‌ಶಿಪ್ ನಮ್ಮ ಕಡೆಗೇ, ಆಗಿನ ಇಂಡಿಯಾದ ಕರಾಚಿಗೆ, ಹೊರಟಿದ್ದು. ಅಲ್ಲಿ ಅದಕ್ಕೆ ಶೆಡ್ ಕೂಡ ಕಟ್ಟಿ ಇಟ್ಟಿದ್ದರು. ಕಟ್ಟಿ ಮುಗಿಸಿದ ಮೇಲೆ ತೂಕ ಜಾಸ್ತಿ ಆಗಿದೆ ಅಂತ ಗೊತ್ತಾಗಿ, ಮಧ್ಯಕ್ಕೆ ಕತ್ತರಿಸಿ ಇನ್ನೊಂದು ಅನಿಲದ ಖಾನೆ ಸೇರಿಸಿದರು. (ಓದಿದಾಗ ನಮ್ಮ ಬ್ಯಾಚಿನವರೇ ಅನ್ನಿಸಿತು.) 1930ರ ಅಕ್ಟೋಬರ್ 5ರ ನಸುಕಿನಲ್ಲಿ ಫ್ರಾನ್ಸಿನ ಬೋವೆ ಹತ್ತಿರದ ಗುಡ್ಡಕ್ಕೆ ತಾಗಿತು, ಹೈಡ್ರೋಜನ್ ಹೊತ್ತಿಕೊಂಡಿದ್ದು ಆಮೇಲೆ. 54ರಲ್ಲಿ 48 ಜನ ಹೋದರು.

ತೂಕದ ವಿಷಯದಲ್ಲಿ ತಲೆ ಓಡಿಸಿದ್ದು ಕೌಂಟ್‌ನ ಹೆಸರನ್ನೇ ಇಟ್ಟ ಗ್ರಾಫ್ ಜೆಪ್ಪೆಲಿನ್ ಏರ್‌ಶಿಪ್‌ನಲ್ಲಿ. ಎಂಜಿನ್‌ಗಳಿಗೆ ಬ್ಲೌ ಗ್ಯಾಸ್ ಅಂತ ಗಾಳಿಯಷ್ಟೇ ತೂಗುವ ಇಂಧನ. ಉರಿದು ಹೋದರೂ ಏರ್‌ಶಿಪ್ ಹಗುರಾಗಲ್ಲ, ಅದನ್ನು ಸರಿದೂಗಿಸಲು ಹೈಡ್ರೋಜನ್ ಹೊರಬಿಡೋ ಕೆಲಸವೂ ಇಲ್ಲ. 1929ರಲ್ಲಿ ಭೂಮಿ ಸುತ್ತಿ ಬಂತು. ಆದರೂ ಇವೆಲ್ಲ ಮೂಲೆ ಸೇರಿದ್ದು ವಿಮಾನಗಳು ವೇಗವಾಗಿ, ಕಡಿಮೆ ಜನರ ಕೈಯಲ್ಲಿ ಹಾರತೊಡಗಿದ್ದಕ್ಕೆ. ಹೀಲಿಯಂ ಅದಕ್ಕೇನು ಮಾಡುತ್ತಿತ್ತು?

ನಿಮ್ಮ ಹುಚ್ಚು ನನಗೆ ಅರ್ಥ ಆಗುತ್ತೆ. 1908ರಲ್ಲಿ ಎಕ್ಟರ್‌ಡಿಂಗೆನ್‌ನಲ್ಲಿ ಕೌಂಟ್‌ನ ಏರ್‌ಶಿಪ್ ಸುಟ್ಟು ಬೂದಿಯಾದಾಗ ಜರ್ಮನಿಯ ಜನ ಬೈಯಲಿಲ್ಲ, ಚಂದಾ ಎತ್ತಿ 60 ಲಕ್ಷ ಮಾರ್ಕ್ ಮೀರಿ ಕಳಿಸಿದರು. ನಾನೂ ಇವತ್ತಿಗೂ ಏರ್‌ಶಿಪ್ ಚೌಕಟ್ಟಿನ ಪಕ್ಕೆಲುಬಿನ ಫೋಟೋ ಕಂಡರೆ ಕೆಲಸ ಬಿಟ್ಟು ನೋಡ್ತಾ ಕೂರ್ತೀನಿ.

ಅದಕ್ಕೇ ಹೇಳ್ತೀನಿ, ಇಡೀ ಏರ್‌ಶಿಪ್ ಬಿಟ್ಟು ಅದರ ಚೌಕಟ್ಟಿನ ಒಂದೇ ಒಂದು ರಿಂಗ್ ಮಾಡಿ. ಅಸಲಿ ರಿಂಗ್‌ಗಳನ್ನು ಸೈಕಲ್ ಚಕ್ರದ ಹಾಗೆ ತಂತಿ ಎಳೆದು ಬಿಗಿದಿರುತ್ತಿದ್ದರು. ಒಂದು ಮೀಟರ್ ಅಗಲದ್ದು ಸಾಕು. ತಂತಿ ಇದ್ದಾಗ, ಇಲ್ಲದಾಗ ಎಷ್ಟು ಬಾಗುತ್ತೆ ಅಂತ ಮರಳಿನ ಚೀಲ ತೂಗುಹಾಕಿ ಡಯಲ್ ಗೇಜಲ್ಲಿ ಅಳೆದು ಸಾಫ್ಟ್‌ವೇರ್ ಲೆಕ್ಕಕ್ಕೆ ಹೋಲಿಸಿ. ಟೀಮಲ್ಲಿ ಯಾರಾದರೂ ಹಾರಿಸಲೇಬೇಕು ಅಂತ ಹಠ ಹಿಡಿದರೆ ಚೌಕಟ್ಟಿಲ್ಲದ ಬ್ಲಿಂಪ್ ಮಾಡಿ, ಫಾಯಿಲ್ ಚೀಲ ತಗೊಳ್ಳಿ. ಪೂರ್ತಿ ಬಿಗಿಯಾಗಿ ತುಂಬಿಸಿಕೊಂಡು ಬಿಸಿಲಲ್ಲಿ ಮಾತ್ರ ನಿಲ್ಲಬೇಡಿ, ಅಂಚು ಬಿರಿಯುತ್ತೆ.