ಗುಂಡ್ಯಾನನ್ನು ಕೆರೆಗೆ ಬಿಟ್ಟೆವೆಂದು ಮಗನಿಗೆ ಹೇಳಿಬಿಟ್ಟಿದ್ದೇನೆ

ಅಕ್ಕಾ, ನಮಸ್ಕಾರ. ನಾವು ಕಲಬುರಗಿಯವರು. ಮಗನಿಗೆ 9 ವರ್ಷ. ಅವನು ಮೂರು ವರ್ಷದವನಿದ್ದಾಗ ಅಕ್ವೇರಿಯಂ ಅಂಗಡಿಯಿಂದ ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಪುಟ್ಟ ನೀರಾಮೆ ತಂದಿದ್ದೆವು. ಅವನೇ ಗುಂಡ್ಯಾ ಅಂತ ಹೆಸರಿಟ್ಟ. "ಏನೂ ಬೇಕಾಗಿಲ್ಲರಿ, ನೀರು ಇದ್ರ ಸಾಕು, ಮೂವತ್ತು ವರ್ಷ ಬದುಕ್ತದ" ಎಂದಿದ್ದ ಅಂಗಡಿಯವನು. ಈ ಸಲ ಎಳ್ಳ ಅಮವಾಸ್ಯೆಗೆ ಮಗ ಸುರಪುರದ ನನ್ನ ತವರಿಗೆ ಹೊಲದಲ್ಲಿ ನೈವೇದ್ಯ ಎರಚಿ ಚರಗ ಚೆಲ್ಲುವುದನ್ನು ನೋಡಲು ಹೋಗಿದ್ದ. ಮರುದಿನ ಬೆಳಿಗ್ಗೆ ಗುಂಡ್ಯಾ ಟಬ್ಬಿನಲ್ಲಿ ಅಲುಗಾಡದೆ ಬಿದ್ದಿತ್ತು. ಹಿಂದಿನ ರಾತ್ರಿ ಚೆನ್ನಾಗಿಯೇ ತಿಂದಿತ್ತು. ನಮ್ಮ ಯಜಮಾನರು ಕಾಲು ಎಳೆದು ನೋಡಿದರು, ಜೋತು ಬಿತ್ತು. ಕಣ್ಣು ಗುಳಿ ಬಿದ್ದಿದ್ದವು. ಸಂಜೆಗೆ ವಾಸನೆ ಬಂದಾಗ ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಹೂತೆವು. ಮಗ ಬಂದು ಕೇಳಿದಾಗ "ಅಪ್ಪನ ಕೆರಿಗೆ ಬಿಟ್ಟೀವಿ" ಅಂದುಬಿಟ್ಟೆ. ಈಗ ಭಾನುವಾರ ಬಂತೆಂದರೆ ಕೆರೆಗೆ ಹೋಗೋಣ ಎಂದು ಹಟ. ಕಂಬಿ ಹಿಡಿದು ನಿಂತು ನೀರಿನ ಕಡೆ "ಗುಂಡ್ಯಾ" ಎಂದು ಕೂಗುತ್ತಾನೆ. ಯಜಮಾನರು ಬೇರೆಯದು ತರೋಣ ಅನ್ನುತ್ತಾರೆ. ಅತ್ತೆ "ಮನಿ ಮ್ಯಾಲಿನ ಕಂಟಕ ಅದು ತಗೊಂಡು ಹೋತು ಬಿಡು" ಅನ್ನುತ್ತಾರೆ. ಆಫೀಸಿನಲ್ಲಿ ಕಣ್ಣೀರು ಬಂದರೆ "ಆಮಿ ಸತ್ರ ಇಷ್ಟ್ಯಾಕ ಅಳ್ತಿ" ಎಂದು ನಗುತ್ತಾರೆ. ನಾನೇ ಏನೋ ತಪ್ಪು ಮಾಡಿರಬೇಕು. ಆಮೆಗಳು ಚಳಿಗಾಲದಲ್ಲಿ ಸತ್ತಂತೆ ನಿದ್ದೆ ಮಾಡುತ್ತವೆ ಎಂದು ಆಮೇಲೆ ಓದಿದೆ. ಜೀವ ಇದ್ದದ್ದನ್ನು ಹೂತೆನಾ? ಮಗನಿಗೆ ನಿಜ ಹೇಳಲೇ, ಪರೀಕ್ಷೆ ಮುಗಿಯುವವರೆಗೆ ಕಾಯಲೇ?
– ಹೆಸರು ಬೇಡ, ಕಲಬುರಗಿ

ತಂಗಿ,

ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಜೀವ ಇದ್ದ ಗುಂಡ್ಯಾನನ್ನು ನೀವು ಹೂಳಲಿಲ್ಲ. ಚಳಿಗೆ ಆಮೆಗಳು ಮಂಕಾಗುವುದು, ತಿನ್ನುವುದು ಬಿಟ್ಟು ದಿನಗಟ್ಟಲೆ ಮಿಸುಕದೆ ಇರುವುದು ನಿಜ. ಆದರೆ ಹಾಗೆ ಮಂಕಾದ ಆಮೆಯ ಕಾಲು ಹಿಡಿದರೆ ಅದು ಸಾಮಾನ್ಯವಾಗಿ ನಿಧಾನವಾಗಿಯಾದರೂ ಒಳಗೆ ಎಳೆದುಕೊಳ್ಳುತ್ತದೆ. ಗುಂಡ್ಯಾನ ಕಾಲು ಜೋತು ಬಿದ್ದಿತ್ತು, ಕಣ್ಣು ಒಳಗಿಳಿದಿದ್ದವು, ಸಂಜೆಗೆ ವಾಸನೆ ಬಂತು. ವಾಸನೆ ಬಂದ ಮೇಲೆ ಸಂಶಯಕ್ಕೆ ಜಾಗವೇ ಇಲ್ಲ. ಈ ಭಯವನ್ನು ಇವತ್ತಿಗೆ ಬಿಡಿ.

ಯಾಕೆ ಸತ್ತಿತು ಎಂಬುದಕ್ಕೆ ಖಚಿತ ಉತ್ತರ ಬೇಕಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಬೇಕಿತ್ತು. ದೇಹವನ್ನು ಫ್ರೀಜರಿಗೆ ಹಾಕದೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು, ಒಂದು ದಿನದೊಳಗೆ ಪಶುವೈದ್ಯರಿಗೆ ತಲುಪಿಸಬೇಕು. ನಮ್ಮ ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಆದರೆ ಹಬ್ಬದ ಮರುದಿನ ಎದೆ ಒಡೆದುಕೊಂಡು ಕೂತವರಿಗೆ ಇದೆಲ್ಲ ಎಲ್ಲಿಂದ ಹೊಳೆಯಬೇಕು? ಆ ದಾರಿ ಮುಚ್ಚಿತು. ಈಗ ದಯವಿಟ್ಟು ಅಗೆದು ನೋಡಲು ಹೋಗಬೇಡಿ. ಇಷ್ಟು ದಿನದ ಮೇಲೆ ಏನೂ ತಿಳಿಯುವುದಿಲ್ಲ.

ಹಿಂದಿನ ರಾತ್ರಿ ತಿಂದಿದ್ದು ಬೆಳಿಗ್ಗೆ ಸತ್ತಿತಲ್ಲ ಎಂಬ ದಿಗಿಲು ಸಹಜ. ಆದರೆ ಆಮೆ, ಹಾವು, ಹಲ್ಲಿಯಂಥ ಜೀವಿಗಳು ಕಾಯಿಲೆಯನ್ನು ತೋರಗೊಡುವುದಿಲ್ಲ. ಕಾಡಿನಲ್ಲಿ ಸೋತಂತೆ ಕಂಡ ಪ್ರಾಣಿ ಬೇರೆಯದರ ಬಾಯಿಗೆ ತುತ್ತಾಗುತ್ತದೆ, ಹಾಗಾಗಿ ಕೊನೆಯವರೆಗೂ ಸರಿಯಿದ್ದಂತೆಯೇ ಇರುತ್ತವೆ. ಅವುಗಳ ಮೈಯೊಳಗೆ ಎಲ್ಲವೂ ನಿಧಾನ, ರೋಗ ಕೂಡ. ತಿಂಗಳುಗಟ್ಟಲೆ ಒಳಗೇ ನಡೆದದ್ದು ನಮ್ಮ ಕಣ್ಣಿಗೆ ಒಂದೇ ರಾತ್ರಿಯ ಸಾವಾಗಿ ಕಾಣುತ್ತದೆ.

ಏನಾಗಿದ್ದಿರಬಹುದು ಎಂದು ಊಹಿಸಬಹುದು, ಅಷ್ಟೇ. ಈ ಜಾತಿಯ ಆಮೆಗೆ ನೀರು ಸುಮಾರು 24ರಿಂದ 27 ಡಿಗ್ರಿ ಬೆಚ್ಚಗಿರಬೇಕು. ನೇರ ಬಿಸಿಲಿಗೆ ಮೈಯೊಡ್ಡಿ ಒಣಗಲು ಜಾಗವೂ ಬೇಕು. ಬಿಸಿಲಿನ ಒಂದು ಬಗೆಯ ಕಿರಣದಿಂದಲೇ ಅದರ ಮೈಯಲ್ಲಿ ಡಿ3 ಜೀವಸತ್ವ ಆಗುವುದು, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ, ಮನೆಯ ಟ್ಯೂಬ್‌ಲೈಟು ಅದನ್ನು ಕೊಡುವುದಿಲ್ಲ. ನಮ್ಮ ಕಡೆ ಬೇಸಿಗೆ ಎಷ್ಟು ಸುಟ್ಟರೂ ಎಳ್ಳ ಅಮವಾಸ್ಯೆಯ ಹೊತ್ತಿನ ರಾತ್ರಿಗಳು ಗಡಗಡ ನಡುಗಿಸುತ್ತವೆ. ನೀರು ತಣ್ಣಗಾದರೆ ತಿಂದದ್ದು ಅರಗದು, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ, ಶ್ವಾಸಕೋಶಕ್ಕೆ ಸೋಂಕು ಹಿಡಿಯಬಹುದು. ಗುಂಡ್ಯಾ ಹೆಣ್ಣಾಗಿದ್ದರೆ ಇನ್ನೊಂದು ಸಾಧ್ಯತೆ: ಗಂಡಿನ ಸಂಗ ಇಲ್ಲದೆಯೂ ಹೊಟ್ಟೆಯಲ್ಲಿ ಮೊಟ್ಟೆಗಳಾಗುತ್ತವೆ, ಅವು ಹೊರಬರದೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ಇವುಗಳಲ್ಲಿ ಯಾವುದೋ ಒಂದು, ಅಥವಾ ಯಾವುದೂ ಅಲ್ಲ.

ಬಿಸಿಲು ಕಡಿಮೆ ಬಿದ್ದಿರಬಹುದು, ನೀರು ತಣ್ಣಗಿದ್ದಿರಬಹುದು ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಸಮಾಧಾನಕ್ಕೆಂದು ಸುಳ್ಳು ಹೇಳಿದರೆ ನಾಳೆ ನೀವೇ ಓದಿ ತಿಳಿದುಕೊಂಡು ಇನ್ನಷ್ಟು ಕುಗ್ಗುತ್ತೀರಿ. ಆದರೆ ಮಾರಿದವನು "ನೀರು ಇದ್ರ ಸಾಕು" ಎಂದ, ನೀವು ನಂಬಿದಿರಿ. ನಂಬಿ ಆರು ವರ್ಷ ಅದರ ನೀರು ಬದಲಿಸಿದಿರಿ, ಊಟ ಹಾಕಿದಿರಿ. ಗೊತ್ತಿಲ್ಲದೆ ಆದ ಕೊರತೆಗೂ ಗೊತ್ತಿದ್ದು ಮಾಡಿದ ಅಸಡ್ಡೆಗೂ ಬಹಳ ಅಂತರವಿದೆ. ಕಾರಣ ಸಿಗದ ಸಾವು ಹೀಗೇ ಕಾಡುತ್ತದೆ ತಂಗಿ, ಆ ಖಾಲಿ ಜಾಗದಲ್ಲಿ ಮನಸ್ಸು ತನ್ನನ್ನೇ ತಂದು ಅಪರಾಧಿ ಮಾಡಿ ನಿಲ್ಲಿಸುತ್ತದೆ.

ಮಗನಿಗೆ ಸುಳ್ಳು ಹೇಳಿದ್ದೂ ಇದರಿಂದಲೇ ಎಂದು ನನಗನಿಸುತ್ತದೆ. "ಸತ್ತಿತು" ಎಂದರೆ "ಯಾಕ?" ಎಂದು ಕೇಳುತ್ತಾನೆ, ಅದಕ್ಕೆ ನಿಮ್ಮಲ್ಲಿ ಉತ್ತರ ಇರಲಿಲ್ಲ. ಕೆರೆ ಎಂದುಬಿಟ್ಟರೆ ಆ ಪ್ರಶ್ನೆಯೇ ಬರುವುದಿಲ್ಲ. ಆದರೆ ಈಗ ಅವನು ವಾರ ವಾರವೂ ಕಂಬಿ ಹಿಡಿದು ಕಾಯುತ್ತಿದ್ದಾನೆ. ನಾನು ಕರೆದರೂ ಗುಂಡ್ಯಾ ಬರುತ್ತಿಲ್ಲ, ನನ್ನನ್ನು ಮರೆತಿದೆ ಅಂದುಕೊಳ್ಳುತ್ತಿರಬಹುದು. ಸಾವಿನ ದುಃಖಕ್ಕಿಂತ ಅದು ಕೆಟ್ಟದ್ದು, ಯಾಕೆಂದರೆ ಅದಕ್ಕೆ ಕೊನೆಯೇ ಇಲ್ಲ.

ಹೇಳಿಬಿಡಿ. ಇಬ್ಬರೂ ಕೂತು, ಆದರೆ ಮಾತು ನಿಮ್ಮ ಬಾಯಿಂದಲೇ ಬರಲಿ, ಸುಳ್ಳು ಹೇಳಿದವರು ನೀವಾದ್ದರಿಂದ. "ಗುಂಡ್ಯಾ ಕೆರ್ಯಾಗ ಇಲ್ಲ ಪುಟ್ಟಾ. ನೀ ಸುರಪುರಕ್ಕ ಹೋದಾಗ ಸತ್ತುಹೋದ. ಕರಿಬೇವಿನ ಗಿಡದ ಬುಡಕ್ಕ ಇಟ್ಟೀವಿ. ಯಾಕ ಸತ್ತನೋ ನಮಗ ಗೊತ್ತಾಗಿಲ್ಲ. ನಿನಗ ಹೇಳಲಾಕ ಅಂಜಿ ನಾ ಸುಳ್ಳು ಹೇಳೀನಿ." ಇಷ್ಟು ಸಾಕು. ಮಲಗಿಬಿಟ್ಟ, ದೇವರ ಹತ್ತಿರ ಹೋದ ಎಂದೆಲ್ಲ ಸುತ್ತಿಬಳಸಬೇಡಿ. ಒಂಬತ್ತು ವರ್ಷದ ಮಗುವಿಗೆ ಸತ್ತವರು ತಿರುಗಿ ಬರುವುದಿಲ್ಲ ಎಂಬುದು ತಿಳಿಯುತ್ತದೆ.

ಸಿಟ್ಟು ಮಾಡುತ್ತಾನೆ. ಬಹುಶಃ ಸಾವಿಗಿಂತ ಸುಳ್ಳಿಗೇ ಹೆಚ್ಚು. ಕೋಣೆಯ ಬಾಗಿಲು ಹಾಕಿಕೊಳ್ಳಬಹುದು, "ನೀನೇ ಸಾಯಿಸಿದಿ" ಎಂದೂ ಅನ್ನಬಹುದು. ಆ ಮಾತು ನಿಮ್ಮ ಒಳಗಿನ ಗಾಯಕ್ಕೇ ನೇರ ತಾಗುತ್ತದೆ, ಆಗ ವಾದಕ್ಕಿಳಿಯಬೇಡಿ, ಅಲ್ಲೇ ಇರಿ. ಸ್ವಲ್ಪ ತಣ್ಣಗಾದ ಮೇಲೆ ನೀವಾಗಿಯೇ ಒಂದು ಮಾತು ಎತ್ತಿ: ನಿನ್ನಿಂದ ಏನೂ ಆಗಿಲ್ಲ. ಮಕ್ಕಳು ಕೇಳುವುದಿಲ್ಲ, ಆದರೆ ಒಳಗೊಳಗೆ ನಾನು ಊರಿಗೆ ಹೋಗಿದ್ದಕ್ಕೆ, ಅವತ್ತು ಬ್ರೆಡ್ ಹಾಕಿದ್ದಕ್ಕೆ ಸತ್ತಿತು ಎಂದು ಲೆಕ್ಕ ಹಾಕುತ್ತಿರುತ್ತವೆ. ಹೂತ ಜಾಗ ತೋರಿಸಿ. ಅಲ್ಲಿ ಕಲ್ಲು ಇಡುತ್ತಾನೋ, ಹೂ ಹಾಕುತ್ತಾನೋ, ಸುಮ್ಮನೆ ಒಳಗೆ ಬರುತ್ತಾನೋ, ಅವನಿಗೇ ಬಿಡಿ.

ಕೆರೆಯ ಕತೆ ಸುಳ್ಳಾದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಎಂದು ಅವನಿಗೆ ಹೇಳಬಹುದು. ಈ ಆಮೆ ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆಯದು. ಬೇರೆ ದೇಶದ ಕೆರೆಗಳಿಗೆ ಬಿಟ್ಟರೆ ಅಲ್ಲಿನ ಆಮೆಗಳ ಆಹಾರ, ಬಿಸಿಲಿನ ಜಾಗ ಕಿತ್ತುಕೊಂಡು ಬೆಳೆಯುತ್ತದೆ. ಜಗತ್ತಿನ ಅತಿ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಸಾಕಲಾಗದೆ ಕೆರೆಗೆ ಬಿಡುವ ಯೋಚನೆಯಲ್ಲಿರುವವರು ಇದನ್ನು ಓದುತ್ತಿದ್ದರೆ, ಖಂಡಿತ ಬಿಡಬೇಡಿ.

ನಿಮ್ಮ ಅತ್ತೆ ಆ ಮಾತನ್ನು ನಿಮ್ಮ ಮೇಲಿನ ಮಮತೆಯಿಂದಲೇ ಆಡಿದ್ದಾರೆ, ಅವರ ಜೊತೆ ಜಗಳ ಬೇಡ. ಆದರೆ ಮಗನ ಕಿವಿಗೆ ಅದು ಬೀಳದಂತೆ ನೋಡಿಕೊಳ್ಳಿ. ನಮ್ಮ ಕಂಟಕಕ್ಕೆ ಗುಂಡ್ಯಾ ಸತ್ತ ಎಂದು ನಂಬಿದರೆ ಆ ಋಣ ಅವನ ತಲೆಯ ಮೇಲೆ ಕೂರುತ್ತದೆ. ಯಜಮಾನರಿಗೆ ಈಗಲೇ ಬೇರೆ ಆಮೆ ಬೇಡ ಎನ್ನಿ. ಮುಂದೆ ಎಂದಾದರೂ ಆಸೆಯಾದರೆ ಬಿಸಿಲಿನ ಏರ್ಪಾಡು, ಆಮೆ ನೋಡುವ ಪಶುವೈದ್ಯರು, ಇವೆರಡು ಮೊದಲು ಸಿಗಲಿ. ಯಾರಾದರೂ ನಕ್ಷತ್ರ ಆಮೆ ಕೊಡುತ್ತೇನೆಂದರೆ ಮುಟ್ಟಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವುದು ಅಪರಾಧ.

ಆಫೀಸಿನವರ ನಗು ನೋಯಿಸುತ್ತದೆ, ಬಲ್ಲೆ. ನಾಯಿ ಸತ್ತಿದ್ದರೆ ಅವರೇ ಪಕ್ಕ ಕೂತು ಸಮಾಧಾನ ಹೇಳುತ್ತಿದ್ದರು. ಆಮೆ ಬಾಲ ಅಲ್ಲಾಡಿಸುವುದಿಲ್ಲ, ಕೂಗುವುದಿಲ್ಲ, ಅದಕ್ಕೇ ಅದರ ಜೊತೆಗಿನ ನಂಟು ಹೊರಗಿನವರಿಗೆ ಕಾಣುವುದಿಲ್ಲ. ಊಟದ ಡಬ್ಬಿಯ ಸದ್ದಿಗೆ ಟಬ್ಬಿನಲ್ಲಿಟ್ಟ ಇಟ್ಟಿಗೆಯಿಂದ ಜಾರಿ, ಟಬ್ಬಿನ ಗೋಡೆಗೆ ಚಿಪ್ಪು ಬಡಿಯುತ್ತ ಕತ್ತು ಚಾಚುವ ಜೀವವನ್ನು ಆರು ವರ್ಷ ನೋಡಿದವರು ಅಳದೆ ಇನ್ನೇನು ಮಾಡುತ್ತಾರೆ? ಅಳಿ. ವಾರಗಳು ಕಳೆದರೂ ಊಟ ಸೇರದೆ, ನಿದ್ದೆ ಬಾರದೆ ಹೀಗೇ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಟಬ್ಬಿನ ನೀರು ಹಾಗೇ ಇದ್ದರೆ ಇವತ್ತೇ ಚೆಲ್ಲಿ, ಸೊಳ್ಳೆ ಮೊಟ್ಟೆ ಇಡುತ್ತದೆ. ಆಮೆಯ ಮೈ, ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದುಂಟು. ಟಬ್ಬು, ಇಟ್ಟಿಗೆ ಎರಡನ್ನೂ ಅಡುಗೆಮನೆಯ ಸಿಂಕಿನಲ್ಲಿ ತೊಳೆಯದೆ ಹೊರಗೇ ಬಿಸಿನೀರು, ಸೋಪು ಹಾಕಿ ತೊಳೆದು ಕೈ ತೊಳೆದುಕೊಳ್ಳಿ. ಯಾವುದನ್ನೂ ಎಸೆಯಬೇಡಿ, ಮಗನಿಗೆ ವಿಷಯ ತಿಳಿದ ಮೇಲೆ ಅವನನ್ನೇ ಕೇಳಿ.

ಪರೀಕ್ಷೆಯವರೆಗೆ ಕಾಯಬೇಕೇ ಎಂದರೆ, ಬೇಡ. ಪರೀಕ್ಷೆಯ ಹಿಂದಿನ ದಿನ ಮಾತ್ರ ಹೇಳಬೇಡಿ, ಅಷ್ಟೇ. ಈ ಭಾನುವಾರ ಅವನು ಕೆರೆಗೆ ಹೋಗೋಣ ಎಂದು ಚಪ್ಪಲಿ ಹಾಕಿಕೊಳ್ಳುವ ಮೊದಲೇ ಹೇಳಿ.